ಅವ್ವ ಯಾರ ಡಿಪೆಂಡೆಂಟು?

ನಮ್ಮ ಮಾವನಿಗೆ ಎರಡು ಕಡೆಯಿಂದ ಆಸ್ಪತ್ರೆ ಖರ್ಚು ಸಿಗುತ್ತಿತ್ತು. ನಮ್ಮ ಅವ್ವನಿಗೆ ಒಂದು ಕಡೆಯಿಂದಲೂ ಇಲ್ಲ. ಇಷ್ಟು ಹೇಳಿದರೆ ನನ್ನ ಸಂಸಾರದ ಅರ್ಧ ಕಥೆ ಹೇಳಿದ ಹಾಗಾಯಿತು. ಉಳಿದರ್ಧ ಹೇಳಲು ಹೊರಟರೆ ಈಗಲೂ ಮೈ ಉರಿಯುತ್ತದೆ. ಉರಿಯಲಿ, ಹೇಳಿಯೇಬಿಡುತ್ತೇನೆ.

ನಾನು ಕೇಂದ್ರ ಸರ್ಕಾರಕ್ಕೆ ಸೇರಿದ ಒಂದು ಕಂಪನಿಯ ಮೈಸೂರು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ತೊಂಬತ್ತರ ದಶಕದ ಮೊದಮೊದಲಲ್ಲಿ ಮದುವೆಯಾಯಿತು. ನಮ್ಮ ಮನೆಯವರು ಇಲವಾಲದ ಕಡೆ ಹೋಗುವ ರಸ್ತೆಯಲ್ಲಿದ್ದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವರ ಕಾರ್ಖಾನೆಯಲ್ಲಿ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲರಿಗೂ ಆಸ್ಪತ್ರೆ ಖರ್ಚು ಕೊಡುತ್ತಿದ್ದರು. ನನ್ನ ಕಚೇರಿಯಲ್ಲೂ ಕೊಡುತ್ತಿದ್ದರು, ಆದರೆ ಹೆಂಗಸರಿಗೆ ಒಂದು ಬೇರೆ ಕಟ್ಟಳೆ. ಮದುವೆಯಾದ ಮೇಲೆ ಹೆತ್ತವರ ಹೆಸರನ್ನಾದರೂ ಬರೆಸಬೇಕು, ಇಲ್ಲ ಅತ್ತೆ ಮಾವನ ಹೆಸರನ್ನಾದರೂ ಬರೆಸಬೇಕು. ಎರಡೂ ಇಲ್ಲ. ಗಂಡಸರಿಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಅವರಿಗೆ ಮದುವೆಯಾದರೂ ಅಪ್ಪ ಅಪ್ಪನೇ, ಅಮ್ಮ ಅಮ್ಮನೇ. ನಮಗೆ ಮಾತ್ರ ತಾಳಿ ಬಿದ್ದ ಮೇಲೆ ಯಾರು ಅಪ್ಪ, ಯಾರು ಅಮ್ಮ ಎಂದು ಕಂಪನಿ ಕೇಳಿ ತಿಳಿದುಕೊಳ್ಳಬೇಕಾಗಿತ್ತು!

ಕೇಳುತ್ತಿದ್ದರು ಅಂದೆನಲ್ಲ, ನಿಜವಾಗಿ ಕೇಳುತ್ತಲೂ ಇರಲಿಲ್ಲ. ಮದುವೆ ರಜೆ ಮುಗಿಸಿಕೊಂಡು ಬಂದ ಹುಡುಗಿ ಸೆಕ್ಷನ್ನಿಗೆಲ್ಲ ಚಿರೋಟಿ ಹಂಚಬೇಕು. ಹಂಚುವಾಗಲೇ ಹೊಸ ವಿಳಾಸ, ಗಂಡನ ಹೆಸರು, ಅತ್ತೆ ಮಾವನ ಹೆಸರು ಎಲ್ಲ ಟೈಪಾಗಿ ಮೇಜಿನ ಮೇಲೆ ಸಿದ್ಧವಾಗಿರುತ್ತಿತ್ತು. ಅದು ನಮ್ಮ ಕಚೇರಿಯ ಪದ್ಧತಿ. ಬಾಗಿನ ಕೊಟ್ಟ ಹಾಗೆ ಕೊಡುತ್ತಿದ್ದರು. "ಸೈನ್ ಹಾಕಮ್ಮ, ಇನ್ನು ಅವರೇ ತಾನೆ ನಿನಗೆ ಅಪ್ಪ ಅಮ್ಮ" ಎಂದು ನಮ್ಮ ಸೂಪರಿಂಟೆಂಡೆಂಟರು ಬಾಯಿ ತುಂಬ ಸಿಹಿ ಇಟ್ಟುಕೊಂಡು ಹೇಳಿದರು. ನಮ್ಮಪ್ಪ ಆಗಲೇ ತೀರಿಕೊಂಡಿದ್ದರು. ಅವ್ವ ಮಂಡಿ ಮೊಹಲ್ಲಾದಲ್ಲಿ ಅಣ್ಣನ ಜೊತೆಗಿದ್ದಳು, ಗಟ್ಟಿಮುಟ್ಟಾಗಿದ್ದಳು. ಹಾಗೆ ಎರಡೂ ಯೋಜನೆಗಳು ಗೋಕುಲಂ ಬಡಾವಣೆಯಲ್ಲಿದ್ದ ಅತ್ತೆ ಮಾವನ ಪಾಲಾದವು.

ನಮ್ಮ ಮಾವ ರಿಟೈರ್ಡ್ ಹೆಡ್‌ಮಾಸ್ಟರು. ನನ್ನ ಕಚೇರಿಯ ಕಾರ್ಡು ಕೈಗೆ ಬಂದ ದಿನ ಅದನ್ನು ಕಾರ್ಖಾನೆಯ ಕಾರ್ಡಿನ ಜೊತೆ ಸೇರಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಿಗೆ ಹಾಕಿಕೊಂಡರು. ಅಂದಿನಿಂದ ಸಂಜೆ ಪಾರ್ಕಿಗೆ ಹೋದರೆ ಅದೇ ಮಾತು. ಮೈಸೂರಿಗೆ ಆಗ ಯೋಗ ಕಲಿಯಲು ಬೆಳ್ಳಗಿನ ವಿದೇಶಿಯರು ಹೆಚ್ಚಾಗಿ ಬರತೊಡಗಿದ್ದ ಕಾಲ. ಪಾರ್ಕಿನ ಮುದುಕರಿಗೆ ಅವರ ಬಟ್ಟೆ ಬರೆ ನೋಡಿ ಮಾತಾಡುವುದೇ ಕೆಲಸ. ಅದರ ನಡುವೆಯೂ ಮಾವ ಸಂದು ಮಾಡಿಕೊಂಡು ಹೇಳುತ್ತಿದ್ದರಂತೆ, "ನಮ್ಗೇನ್ ಬುಡಿ ಸ್ವಾಮಿ, ಮಗನ ಕಡೆಯಿಂದ ಒಂದು, ಸೊಸೆ ಕಡೆಯಿಂದ ಒಂದು. ಡಬಲ್ಲು!" ಹುಷಾರಾಗಿರುವ ಮನುಷ್ಯ ಹೀಗೆ ಕಾಯಿಲೆಗೆ ಬಾಗಿಲು ತೆರೆದಿಟ್ಟುಕೊಂಡು ಬೀಗುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಕೊನೆಗೊಂದು ದಿನ ಕಾಯಿಲೆ ಬಂತು. ಮೂತ್ರದ ತೊಂದರೆಗೆ ಆಪರೇಷನ್ ಆಯಿತು. ಮಾವ ಆಸ್ಪತ್ರೆಯ ಮಂಚದ ಮೇಲಿಂದಲೇ ಅಪ್ಪಣೆ ಕೊಟ್ಟರು, "ಎರಡೂ ಕಡೆ ಹಾಕ್ಬುಡಮ್ಮ." ಹಾಕುವುದು ಯಾರು? ನಾನು. ನಮ್ಮ ಮನೆಯವರು ಕಾರ್ಖಾನೆಯ ಬಸ್ಸು ಹತ್ತಿ ಹೋದರೆ ಸಂಜೆವರೆಗೂ ಇಲ್ಲ.

ಆಗ ಗೊತ್ತಾಯಿತು ಎರಡು ಯೋಜನೆಗಳ ಬಣ್ಣ. ಬಿಲ್ಲಿನ ಅಸಲು ಪ್ರತಿ ಒಂದೇ. ಕಾರ್ಖಾನೆಯವರು, "ನಿಮ್ಮ ಕಂಪನೀಲೂ ಇದೆಯಲ್ಲ, ಅಲ್ಲಿ ತಗೊಂಡಿಲ್ಲ ಅಂತ ಲೆಟರ್ ತನ್ನಿ, ಆಮೇಲೆ ಕೊಡ್ತೀವಿ" ಅಂದರು. ನಮ್ಮ ಕಚೇರಿಯವರು, "ಕಾರ್ಖಾನೆಯವರು ಎಷ್ಟು ಕೊಟ್ರು ಅಂತ ಗೊತ್ತಾಗದೆ ನಾವು ಲೆಟರ್ ಹೆಂಗೆ ಕೊಡೋದು ಮೇಡಂ" ಅಂದರು. ಅವರಿಗೆ ಇವರ ಪತ್ರ ಮೊದಲು ಬೇಕು, ಇವರಿಗೆ ಅವರ ಪತ್ರ ಮೊದಲು ಬೇಕು. ನಾನು ಅರ್ಧ ದಿನ ರಜೆ ಹಾಕಿ ಇಲವಾಲದ ಬಸ್ಸಿನಲ್ಲಿ ಕಾರ್ಖಾನೆಯ ಗೇಟಿಗೆ ಹೋಗುವುದು, ಗೇಟಿನವನು ಒಳಗೆ ಬಿಡದೆ ಕೂರಿಸುವುದು, ಮತ್ತೆ ವಾಪಸು ಬರುವುದು. ತಲೆ ಕೆಟ್ಟು ಗೊಬ್ಬರವಾಗಿಹೋಯಿತು. ಕೊನೆಗೆ ಕಾರ್ಖಾನೆಯ ಸಾಹೇಬರೊಬ್ಬರು ನನ್ನ ಬಾಯಿಗೆ ಹೆದರಿಯೋ ಏನೋ ತಮ್ಮ ನಿಯಮದ ಪ್ರಕಾರ ಬರಬೇಕಾದ್ದನ್ನು ಮೊದಲು ಮಂಜೂರು ಮಾಡಿದರು. ಅವರು ಕಡಿತ ಮಾಡಿದ ಭಾಗವನ್ನು ನಮ್ಮ ಕಚೇರಿಯಲ್ಲಿ ಕೇಳಿದೆ. "ಅವರು ಯಾವುದನ್ನು ಕಡಿದಿದ್ದಾರೋ ಅದನ್ನು ನಾವೂ ಕೊಡೋದಿಲ್ಲ, ನಮ್ಮದೂ ಅದೇ ರೂಲು" ಅಂದರು. ಅಂದರೆ ಎರಡಿದ್ದರೂ ಒಂದೇ. ಎರಡನೆಯದರಿಂದ ಬಂದದ್ದು ನನಗೆ ಕಾಲುನೋವು, ಅಷ್ಟೆ.

ಇದನ್ನು ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. "ನೀನು ಸರಿಯಾಗಿ ಕೇಳಿಲ್ಲಮ್ಮ" ಅಂದರು. ಪಾರ್ಕಿನಲ್ಲಿ ಡಬಲ್ಲಿನ ಪುರಾಣ ಹಾಗೇ ಮುಂದುವರಿಯಿತು.

ಅವ್ವನ ಕಣ್ಣಿನ ವಿಷಯ ಶುರುವಾದದ್ದು ಇದಾದ ಮೇಲೆ. ಅಣ್ಣನದು ಮಂಡಿ ಮೊಹಲ್ಲಾದಲ್ಲಿ ಬೆಲ್ಲ ಹುಣಸೆಹಣ್ಣಿನ ಸಗಟು ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಕಿರಿದಾದ ಓಣಿ. ನಾನು ಹೋದಾಗಲೆಲ್ಲ ಅವ್ವ ಅದೇ ಓಣಿಯಲ್ಲಿ, ಹುಟ್ಟಿದಂದಿನಿಂದ ಓಡಾಡಿದವಳ ಹಾಗೆ, ಮೂಟೆಗಳ ಸಂದಿಯಲ್ಲಿ ಸರಸರ ನಡೆದು ಬರುತ್ತಿದ್ದಳು. ಆ ಸಲ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು. ಲೋಟ ಇಡಲು ಹೋಗಿ ಮೇಜಿನ ಅಂಚಿನಿಂದ ಆಚೆ ಇಟ್ಟಳು, ಕಾಫಿಯೆಲ್ಲ ನೆಲಕ್ಕೆ. "ಏನವ್ವ, ಕಣ್ಣು ಕಾಣಲ್ವಾ?" ಎಂದು ನಾನು ತಮಾಷೆ ಮಾಡಿದೆ. "ಮುಂದಿರಾದೆಲ್ಲ ಚೆನ್ನಾಗೇ ಕಾಣ್ತದೆ ಕಣವ್ವ, ಪಕ್ಕದ್ದು ಯಾಕೋ ಗೊತ್ತಾಗಲ್ಲ" ಅಂದಳು. ಅತ್ತಿಗೆ ಒರೆಸುವ ಬಟ್ಟೆ ತಂದಳು, "ಈಚೆಗೆ ಹಿಂಗೇ" ಅಂದಳು.

ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಅವ್ವನ ಕೈ ಹಿಡಿದುಕೊಂಡೇ ಹೇಳಿದರು. ಕಣ್ಣಿನೊಳಗೆ ಒತ್ತಡ ಏರಿದೆ, ನರ ಅಂಚಿನಿಂದ ಒಣಗಿಕೊಂಡು ಬರುತ್ತಿದೆ, ಎರಡು ಕಣ್ಣಿನಲ್ಲೂ. "ಹೋಗಿರೋದು ವಾಪಸ್ ಬರಲ್ಲ ತಾಯಿ. ಉಳಿದಿರೋದನ್ನ ಉಳಿಸ್ಕೋಬಹುದು. ತಡ ಮಾಡಬೇಡಿ." ಮೊದಲು ಒಂದು ಕಣ್ಣಿಗೆ ಆಪರೇಷನ್, ಆಮೇಲೆ ಇನ್ನೊಂದಕ್ಕೆ. ಆಮೇಲೆ ಬದುಕಿರುವವರೆಗೂ ಹನಿ ಮದ್ದು, ಮತ್ತೆ ಮತ್ತೆ ತಪಾಸಣೆ. ಇದು ಪೊರೆಯಲ್ಲ, ಶಿಬಿರದಲ್ಲಿ ಬಿಟ್ಟಿ ತೆಗೆದುಹಾಕಲು.

ಅಣ್ಣ ಕೆಟ್ಟವನಲ್ಲ. ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ನಿಜ. ವ್ಯಾಪಾರ ಇಳಿದಿತ್ತು, ಮಕ್ಕಳ ಓದು ಇತ್ತು. "ಮುಂದಿನ ಸೀಸನ್ ಬರ್ಲಿ, ಮಾಡಿಸ್ಬುಡಾನ" ಅಂದ. ನಾನು ಕೊಡುತ್ತೇನೆ ಅಂದೆ. ಅವನ ಮುಖ ಗಂಟಾಯಿತು. ಅವ್ವ ಅವನಿಗಿಂತ ಮೇಲು. ಅವಳು ನನ್ನ ಮನೆಗೆ ಬಂದರೆ ಊಟ ಮಾಡುವ ಮೊದಲು ಸೆರಗಿನೊಳಗಿಂದ ಬೆಲ್ಲದ ಅಚ್ಚೋ, ಬಾಳೆಹಣ್ಣೋ ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಿದ್ದಳು. ಇಡದೆ ನನ್ನ ಮನೆಯಲ್ಲಿ ಒಂದು ತುತ್ತು ಮುಟ್ಟಿದವಳಲ್ಲ. ಹೆಣ್ಣು ಕೊಟ್ಟ ಮನೆಯ ಅನ್ನವನ್ನು ಸುಮ್ಮನೆ ತಿನ್ನಬಾರದು ಎಂಬ ಹಟ. ಅಂಥವಳು ನನ್ನ ಕೈಯಿಂದ ಆಪರೇಷನ್ ಖರ್ಚು ತೆಗೆದುಕೊಳ್ಳುತ್ತಾಳೆಯೆ? "ನಿನ್ ಗಂಡನ ಮನೇರು ಏನಂದ್ಕಂಡಾರು, ಸುಮ್ಕಿರು" ಅಂದುಬಿಟ್ಟಳು. ನನ್ನ ಸಂಬಳ ಕಣವ್ವ, ನನ್ನ ಸಂಬಳ ಎಂದು ಬಡಕೊಂಡರೂ ಅವಳ ಲೆಕ್ಕದಲ್ಲಿ ಅದು ಗಂಡನ ಮನೆಯದೇ.

ಆಗ ನನಗೆ ಹೊಳೆಯಿತು. ಅವಳಿಗೆ ನನ್ನ ದುಡ್ಡು ಬೇಡ, ಸರಿ. ಕಂಪನಿಯ ದುಡ್ಡಾದರೆ? ಅತ್ತೆ ಮಾವನಿಗೆ ಕಾರ್ಖಾನೆಯದು ಹೇಗೂ ಇದೆ, ನನ್ನದು ಅವರಿಗೆ ದಂಡಕ್ಕೆ. ಅದನ್ನು ಅವ್ವನ ಹೆಸರಿಗೆ ತಿರುಗಿಸಿಬಿಟ್ಟರೆ ಯಾರಿಗೂ ಏನೂ ನಷ್ಟವಿಲ್ಲ, ಅವ್ವನಿಗೆ ಕಣ್ಣು ಉಳಿಯುತ್ತದೆ. ಇಷ್ಟು ಸುಲಭದ ವಿಷಯ! ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿದೆ. ನೌಕರಿ ಪೂರ್ತಿಗೆ ಒಂದು ಸಲ ಬದಲಾಯಿಸಲು ಅವಕಾಶವಿದೆ ಅಂದರು. ಬೇಕಾದದ್ದು ಮೂರು ಸಹಿ. ಮಾವ, ಅತ್ತೆ ನನ್ನ ಮೇಲೆ ಅವಲಂಬಿತರಲ್ಲ ಎಂಬುದಕ್ಕೆ ಮಾವನ ಒಪ್ಪಿಗೆ. ತಾನು ಮಗಳ ಅವಲಂಬಿತೆ, ಬೇರೆ ನೋಡಿಕೊಳ್ಳುವವರಿಲ್ಲ ಎಂದು ಅವ್ವನದು. ಗಂಡುಮಗ ಇರುವುದರಿಂದ, ತಾನು ತಾಯಿಯ ಖರ್ಚು ನಿಭಾಯಿಸುತ್ತಿಲ್ಲ ಎಂದು ಅಣ್ಣನದು.

ಮೊದಲ ಯುದ್ಧ ಗೋಕುಲಂನಲ್ಲಿ. ಬೆಳಗಿನ ತಿಂಡಿಯ ಹೊತ್ತು. ಮಾವ ಕಾಗದ ಓದಿ, ಕನ್ನಡದ ಮೇಷ್ಟರಾಗಿದ್ದವರು ತಾನೆ, 'ಅವಲಂಬಿತರಲ್ಲ' ಎಂಬಲ್ಲಿ ಬೆರಳಿಟ್ಟುಕೊಂಡು ಕೂತರು.

"ಹಾಗಾದ್ರೆ ನಾವು ನಿಂಗೆ ಏನೂ ಅಲ್ಲ ಅಂತ ಬರ್ಕೊಡು ಅಂತೀಯಾ?"

"ಹಾಗಲ್ಲ ಮಾವ. ನಿಮಗೆ ಇವರ ಕಾರ್ಖಾನೆದು ಇದ್ದೇ ಇದೆ. ಅವ್ವಂಗೆ ಏನೂ ಇಲ್ಲ."

"ನಿಮ್ಮವ್ವಂಗೆ ಮಗ ಇದ್ದಾನಲ್ಲಮ್ಮ. ಗಂಡುಮಗ ಇಟ್ಕೊಂಡು ಬೀಗರ ಮನೆ ಸೌಲಭ್ಯಕ್ಕೆ ಬರೋದಾ?"

ಬೀಗರ ಮನೆ ಸೌಲಭ್ಯವಂತೆ! ಬೆಳಗಾದರೆ ತಲೆ ಬಾಚಿ ಕಟ್ಟಿಕೊಂಡು ಓಡಿ, ಸಂಜೆವರೆಗೂ ಫೈಲು ತಿರುವಿ ಸಾಯುವವಳು ನಾನು, ಸೌಲಭ್ಯ ಬೀಗರ ಮನೆಯದು! ನಮ್ಮ ಮನೆಯವರ ಕಡೆ ನೋಡಿದೆ. ಅವರು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ಅದರ ಪ್ರಾಣ ತೆಗೆಯುತ್ತಿದ್ದರು. "ನೋಡೋಣ ಬುಡು" ಅಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಸಾರದಲ್ಲಿ ಆ ಮನುಷ್ಯನ ಬಾಯಿಂದ ನಾನು ಹೆಚ್ಚಾಗಿ ಕೇಳಿದ ಮಾತು ಇದೇ.

ಬಾಯಿಗೆ ಬಂದದ್ದೆಲ್ಲ ಅಂದೆ. "ಎರಡನೇದ್ರಿಂದ ನಿಮಗೆ ಇವತ್ತಿನವರೆಗೂ ಬಂದಿರೋದು ಏನು ಅಂತ ಹೇಳಿ ಮಾವ, ಒಂದೇ ಒಂದು ಹೇಳಿ. ಪಾರ್ಕಲ್ಲಿ ಹೇಳ್ಕೊಳ್ಳೋಕೆ ಬಿಟ್ರೆ ಇನ್ನೇನಕ್ಕೆ ಬಂತು? ನಿಮ್ಮ ಆ ಮಾತಿಗೆ ನಮ್ಮವ್ವ ಕುರುಡಿಯಾಗ್ಬೇಕಾ?" ಮಾವ ತಟ್ಟೆ ಬಿಟ್ಟು ಎದ್ದರು. ಅತ್ತೆ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಕೆಲವು ದಿನ ಮಾವ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ. ಬೇಕಾದರೆ ಅತ್ತೆಗೆ ಹೇಳಿ, ಅತ್ತೆ ನನಗೆ ಹೇಳಿ, ನಾನು ಮಾಡಿ, ಅತ್ತೆ ತೆಗೆದುಕೊಂಡು ಹೋಗಿ ಕೊಡುವುದು. ಮಾಡಿದವಳು ನಾನೇ ಎಂದು ನಾಲಿಗೆಗೆ ಗೊತ್ತಾಗುತ್ತಿರಲಿಲ್ಲವೇನೋ!

ಅತ್ತೆ ಏನು ಹೇಳಿದರೋ, ಯಾವಾಗ ಹೇಳಿದರೋ ನನಗೆ ತಿಳಿಯದು. ಒಂದು ದಿನ ಕಚೇರಿಯಿಂದ ಬಂದಾಗ ಮಾವ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಸಹಿ ಹಾಕಿದ ಕಾಗದವನ್ನೂ ನನ್ನ ಕಚೇರಿಯ ಕಾರ್ಡನ್ನೂ ಮುಂದೆ ಚಾಚಿದರು. "ತಗೊಳಮ್ಮ. ಕಣ್ಣು ಅಂದ್ರೆ ಹುಡುಗಾಟ ಅಲ್ಲ" ಅಂದರು. ನಾನು ಏನಾದರೂ ಹೇಳುವುದರೊಳಗೆ ಚಪ್ಪಲಿ ಮೆಟ್ಟಿಕೊಂಡು ಪಾರ್ಕಿಗೆ ನಡೆದುಬಿಟ್ಟರು. ಆ ಮನುಷ್ಯನ ಮೇಲೆ ಎಷ್ಟೋ ವಿಷಯಕ್ಕೆ ನನಗೆ ಸಿಟ್ಟಿದೆ. ಇದೊಂದಕ್ಕೆ ಇಲ್ಲ.

ಗೆದ್ದೆ ಅಂದುಕೊಂಡೆ. ಕಷ್ಟದ ಸಹಿ ಸಿಕ್ಕಾಯಿತು, ಇನ್ನು ಉಳಿದಿರುವುದು ನನ್ನ ತವರಿನದು, ಅದೇನು ಮಹಾ! ಮಾರನೆಯ ಭಾನುವಾರವೇ ಮಂಡಿ ಮೊಹಲ್ಲಾಕ್ಕೆ ಓಡಿದೆ. ಅಣ್ಣ ಅಂಗಡಿಯಲ್ಲೇ ಇದ್ದ, ಹುಣಸೆಹಣ್ಣಿನ ಮೂಟೆ ತೂಗಿಸುತ್ತಿದ್ದ. ಹಮಾಲಿಗಳು ಹೋಗುವವರೆಗೂ ಕಾದು ಕಾಗದ ಕೊಟ್ಟೆ. ಕೈ ಒರೆಸಿಕೊಂಡು ಓದಿದ. ಓದುತ್ತಾ ಓದುತ್ತಾ ಅವನ ಕತ್ತು ಕೆಂಪಾಯಿತು.

"ನಾನು ಅವ್ವನ್ನ ಸಾಕ್ತಾ ಇಲ್ಲ ಅಂತ ನಾನೇ ಬರ್ಕೊಡ್ಬೇಕೇನೇ?"

"ಅಯ್ಯೋ, ಅದು ಆಫೀಸಿಗೆ ಕಣಣ್ಣ. ಫೈಲಲ್ಲಿ ಬಿದ್ದಿರುತ್ತೆ, ಯಾರು ನೋಡ್ತಾರೆ?"

"ಯಾರು ನೋಡ್ತಾರಾ? ನಿಮ್ಮಾಫೀಸಲ್ಲಿ ನಮ್ಮ ಮಠದ ಕಡೆಯೋರು ಎಷ್ಟು ಜನ ಇಲ್ಲ? ನಾಳೆ ನಾನು ಮಠಕ್ಕೆ ಹೋದ್ರೆ ಜನ ಏನಂತಾರೆ? ತಾಯಿಗೆ ಅನ್ನ ಹಾಕ್ದೇ ಇರೋನು ಬಂದ ನೋಡು ಅಂತಾರೆ."

"ಅನ್ನದ ಮಾತು ಎಲ್ಲಿ ಬಂತಣ್ಣ ಇದರಲ್ಲಿ?"

"ಡಿಪೆಂಡೆಂಟು ಅಂದ್ರೆ ಇನ್ನೇನೇ? ನಾನೇನ್ ಸತ್ತೋಗಿದೀನಾ?" ಎಂದು ಕೂಗಿದ. ಎದುರು ಅಂಗಡಿಯ ಸಾಬರು ತಲೆ ಎತ್ತಿ ನೋಡಿದರು.

ಗಲಾಟೆ ಕೇಳಿ ಒಳಗಿನಿಂದ ಅವ್ವ ಬಂದಳು. ಚೌಕಟ್ಟನ್ನು ಕೈಯಲ್ಲಿ ತಡಕಿ, ಇದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೆಜ್ಜೆ ಇಟ್ಟಳು. ಅಣ್ಣ ಅದನ್ನು ನೋಡಿದ. ನೋಡಲಿಲ್ಲ ಎಂದು ಅವನು ದೇವರ ಮುಂದೆ ಹೇಳಿದರೂ ನಾನು ನಂಬುವುದಿಲ್ಲ.

"ಅವ್ವ, ನೀನಾದ್ರೂ ಹೇಳವ್ವ. ಒಂದು ಸೈನು. ಕಣ್ಣು ಉಳೀತದೆ."

ಅವ್ವ ಗೋಡೆಗೆ ಒರಗಿ ನಿಂತಳು. "ಬ್ಯಾಡ ಕಣವ್ವ. ಇದ್ದೊಬ್ಬ ಮಗನ ಮರ್ವಾದಿ ತೆಗ್ದು ನಾ ಕಣ್ ಮಾಡಿಸ್ಕೊಂಡು ಏನ್ ನೋಡಾನ?"

"ಒಂದು ಕಣ್ಣಲ್ಲವ್ವ, ಎರಡೂ ಹೋಗ್ತವೆ. ಡಾಕ್ಟರು ಹೇಳಿದ್ದು ಮರೆತುಬಿಟ್ಯಾ?"

"ಎಲ್ಡಾದ್ರೂ ಅಷ್ಟೇಯ."

ನಾನು ಅಂಗಡಿಯ ಮುಂದೆ ನಿಂತೇ ಅತ್ತುಬಿಟ್ಟೆ. ಅವಳ ಮೇಲಿನ ಪ್ರೀತಿಗೆ ಅತ್ತೆನೋ ಸಿಟ್ಟಿಗೆ ಅತ್ತೆನೋ, ಎರಡೂ ಇತ್ತು. ಮಾವನ ಜಂಭ ಅಷ್ಟು ದೊಡ್ಡದು ಅಂದುಕೊಂಡಿದ್ದೆನಲ್ಲ, ನಮ್ಮ ಮನೆಯದು ಅದಕ್ಕಿಂತ ದೊಡ್ಡದು. ಅದು ಹೋಗಿ ಹೋಗಿ ಅವ್ವನ ಕಣ್ಣಿನೊಳಗೇ ಕೂತಿತ್ತು.

ಅಣ್ಣನಿಗೆ ಅವಮಾನ ಆದದ್ದು ನಿಜ. ಅದನ್ನು ತೊಳೆದುಕೊಳ್ಳಲು ಆ ವಾರದಲ್ಲೇ ಒಬ್ಬ ಏಜೆಂಟನನ್ನು ಹಿಡಿದ. ಅಂಗಡಿಗೆ ಬಂದು ಕೂತು ಟೀ ಕುಡಿದು ಹೋಗುವ ಪರಿಚಯದವನು. ಮನೆಮಂದಿಗೆಲ್ಲ ಆಸ್ಪತ್ರೆ ಖರ್ಚು ಬರುವ ವಿಮೆ ಮಾಡಿಸಿದ, ಅವ್ವನ ಹೆಸರೂ ಸೇರಿತು. ನನಗೆ ಫೋನು ಮಾಡಿ, "ನಿಮ್ಮಾಫೀಸಿಂದು ನೀವೇ ಇಟ್ಕೊಳಿ, ನಮ್ದೇ ಆಯ್ತು" ಅಂದ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಯಾವುದರಿಂದಲಾದರೂ ಆಗಲಿ, ಅವ್ವನ ಕಣ್ಣು ಉಳಿದರೆ ಸಾಕಾಗಿತ್ತು.

"ಯಾವಾಗ ಆಪರೇಷನ್?" ಅಂದೆ.

"ಸ್ವಲ್ಪ ದಿನ ತಡೀಬೇಕಂತೆ. ಮಾಡಿಸಿದ್ ತಕ್ಷಣ ಹೋದ್ರೆ ಅನುಮಾನ ಬರ್ತದಂತೆ."

ಏಜೆಂಟ ಅರ್ಜಿಯಲ್ಲಿ ಅವ್ವನಿಗೆ ಯಾವ ಕಾಯಿಲೆಯೂ ಇಲ್ಲ ಎಂದು ಬರೆದಿದ್ದ! ಈಗ ಪಾಲಿಸಿ ಹಣ್ಣಾಗಲಿ ಎಂದು ಕಾಯಬೇಕಂತೆ. "ಪಾಲಿಸಿ ಹಣ್ಣಾಗೋ ಹೊತ್ತಿಗೆ ಅವ್ವನ ಕಣ್ಣು ಉದುರಿ ಹೋಗಿರುತ್ತೆ ಕಣೋ!" ಎಂದು ಫೋನಿನಲ್ಲೇ ಕಿರುಚಿದೆ. ಅಣ್ಣನನ್ನು ಹಾಗೆ 'ಕಣೋ' ಎಂದು ಬೈದದ್ದು ಅದೇ ಮೊದಲು. ಅವನು ಫೋನು ಇಟ್ಟ. ಅವ್ವನಿಗೆ ಹನಿ ಹಾಕಿಸಲು ನಾನು ಬಾಟಲಿ ತಂದುಕೊಟ್ಟರೆ ಅತ್ತಿಗೆ ನೆನಪಾದಾಗ ಹಾಕುವುದು, ಮರೆತರೆ ಇಲ್ಲ. ಅವ್ವ ಕೇಳುವವಳಲ್ಲ. ಆ ಕಾಯಿಲೆಗೆ ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಕಿಟಕಿಯ ಬಾಗಿಲನ್ನು ಯಾರೋ ಸದ್ದಿಲ್ಲದೆ ದಿನಕ್ಕಿಷ್ಟು ಮುಚ್ಚುತ್ತಾ ಬಂದ ಹಾಗೆ.

ಕೊನೆಗೆ ಒಂದು ಕಣ್ಣಿಗೆ ಆಪರೇಷನ್ ಆಯಿತು. ವಿಮೆಯವರು ಆಸ್ಪತ್ರೆಯ ಕೇಸ್ ಶೀಟ್ ತರಿಸಿದರು. ನಾನು ಮೊದಲ ಸಲ ಕರೆದುಕೊಂಡು ಹೋದ ದಿನದಿಂದ ಎಲ್ಲವೂ ಅದರಲ್ಲಿತ್ತು. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆ, ಕೊಡುವುದಿಲ್ಲ ಅಂದರು. ಏಜೆಂಟ ಟೀ ಕುಡಿಯಲು ಬರುವುದನ್ನು ನಿಲ್ಲಿಸಿದ. ಅಣ್ಣ ಅಲ್ಲಿ ಇಲ್ಲಿ ಸಾಲ ಮಾಡಿ ತುಂಬಿದ. ಆಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದು, ತಲೆ ಬಗ್ಗಿಸಿಕೊಂಡು, "ಈ ಬಿಲ್ಲನ್ನ ನಿಮ್ಮಾಫೀಸಲ್ಲಿ ಹಾಕಕ್ಕೆ ಬರ್ತದಾ ನೋಡು" ಅಂದ.

ಅವನು ತಂದದ್ದು ಜೆರಾಕ್ಸು. ಅಸಲು ವಿಮೆ ಕಂಪನಿಯಲ್ಲೇ ಉಳಿದುಕೊಂಡಿತ್ತು. ಅಸಲಿದ್ದರೂ ಏನು ಬಂತು, ನನ್ನ ಕಚೇರಿಯಲ್ಲಿ ಅವ್ವನ ಹೆಸರೇ ಇಲ್ಲ. "ಹೆಸರಿಲ್ದೆ ಹೆಂಗೆ ಹಾಕ್ಲಿ ಅಣ್ಣ? ಇನ್ನೊಂದು ಕಣ್ಣಿಗಾದ್ರೂ ಆಗುತ್ತೆ, ಈಗಲಾದ್ರೂ ಸೈನ್ ಹಾಕು" ಎಂದು ಒಳಗಿನಿಂದ ಕಾಗದ ತಂದು ಮುಂದೆ ಇಟ್ಟೆ. ಮಾವ ಅಲ್ಲೇ ಇದ್ದರು. "ಹಾಕಪ್ಪ, ನಾನೇ ಹಾಕಿದೀನಿ" ಅಂದರು. ಅಣ್ಣ ಪೆನ್ನು ತೆಗೆದುಕೊಂಡ. ಮಾವನ ಮುಖ ನೋಡಿದ, ನಮ್ಮ ಮನೆಯವರ ಮುಖ ನೋಡಿದ. ಬೀಗರ ಮನೆ, ಬೀಗರ ಎದುರು. ಪೆನ್ನು ಕೆಳಗಿಟ್ಟು, "ಅಂಗಡಿ ಬಿಟ್ಟು ಬಂದಿದೀನಿ" ಎಂದು ಎದ್ದು ಹೋದ. ನಾನು ಗೇಟಿನವರೆಗೂ ಹಿಂದೆ ಹೋದೆ. ಅವನು ಸ್ಕೂಟರಿಗೆ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದ, ನನ್ನ ಕಡೆ ತಿರುಗಲಿಲ್ಲ.

ಇನ್ನೊಂದು ಕಣ್ಣಿಗೆ ಆಪರೇಷನ್ ಆಗಲೇ ಇಲ್ಲ. ಆಪರೇಷನ್ ಆದ ಕಣ್ಣಿನಲ್ಲೂ ಉಳಿಸಿಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಮೊದಲು ಮುಖಗಳು ಹೋದವು, ಆಮೇಲೆ ಬಾಗಿಲು ಹೋಯಿತು. ಕೊನೆಗೆ ಬೆಳಗಾಯಿತಾ ಕತ್ತಲಾಯಿತಾ ಅನ್ನುವುದು ಮಾತ್ರ ತಿಳಿಯುತ್ತಿತ್ತು. ಅವ್ವ ಒಂದು ಸಲವೂ ಅಣ್ಣನನ್ನು ಅನ್ನಲಿಲ್ಲ. "ನನ್ ಅಣೇಬರಹ, ಅವನೇನ್ ಮಾಡಾನು" ಅನ್ನುವಳು. ಹಣೆಬರಹವಂತೆ! ಹಣೆಯ ಕೆಳಗೇ ಕಣ್ಣಿತ್ತು, ಅದನ್ನು ಉಳಿಸುವ ದಾರಿ ಮೂರು ಸಹಿಯಲ್ಲಿತ್ತು, ಹಣೆಬರಹಕ್ಕೆ ಏನು ಸಂಬಂಧ?

ಎರಡು ಸಾವಿರದ ಇಸವಿಯ ನಂತರ ಕೆಲವು ವರ್ಷ ಕಳೆದಿರಬೇಕು, ಅಣ್ಣ ಅಂಗಡಿ ಮುಚ್ಚಿದ. ಓಣಿಯ ಮನೆ ಬಿಟ್ಟು ಚಿಕ್ಕ ಬಾಡಿಗೆ ಮನೆಗೆ, ಮಹಡಿಯ ಮೇಲಕ್ಕೆ ಹೋದರು. ಕಣ್ಣು ಕಾಣದ ಮುದುಕಿ ಮೆಟ್ಟಿಲು ಹತ್ತಿ ಇಳಿಯುವುದು ಹೇಗೆ ಎಂದು ಅತ್ತಿಗೆ ಕೇಳಿದಳಂತೆ. ಅಣ್ಣ ಅವ್ವನನ್ನೂ ಅವಳ ಟ್ರಂಕನ್ನೂ ಆಟೋದಲ್ಲಿ ಕೂರಿಸಿಕೊಂಡು ಗೋಕುಲಂಗೆ ತಂದ. "ಸ್ವಲ್ಪ ದಿನ ಇರ್ಲಿ" ಅಂದ. ಸ್ವಲ್ಪ ದಿನ ಅಂದರೆ ಎಷ್ಟು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಒಳಗಿನಿಂದ ಹೊಸ ಕಾಗದ ತಂದೆ. ಆಟೋದವನು ಮೀಟರು ಓಡುತ್ತಿದೆ ಎಂದು ಗೊಣಗುತ್ತಿದ್ದ. ಅಣ್ಣ ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಕೊಂಡು ಓದದೆ ಸಹಿ ಹಾಕಿದ. ಯಾವ ಮಠದವರೂ ನೋಡಲಿಲ್ಲ, ಯಾವ ಆಕಾಶವೂ ಕಳಚಿ ಬೀಳಲಿಲ್ಲ.

ಅವ್ವನಿಗೆ ಓದು ಬರಹ ಬರುತ್ತಿತ್ತು, ಹೆಬ್ಬೆಟ್ಟು ಒತ್ತಿದವಳಲ್ಲ. ಊಟದ ಮೇಜಿನ ಹತ್ತಿರ ಕೂರಿಸಿ ಪೆನ್ನು ಕೈಗೆ ಕೊಟ್ಟು, ಗೆರೆ ಇರುವಲ್ಲಿಗೆ ಅವಳ ಬೆರಳು ತಂದಿಟ್ಟೆ.

"ಏನಂತ ಬರ್ದದೆ, ಓದವ್ವ" ಅಂದಳು.

"ನಾನು ನನ್ನ ಮಗಳ ಅವಲಂಬಿತೆಯಾಗಿರುತ್ತೇನೆ. ನನ್ನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರುವುದಿಲ್ಲ" ಎಂದು ಓದಿದೆ.

ಅವ್ವ ಇನ್ನೊಂದು ಕೈಯಿಂದ ಕಾಗದದ ಅಂಚು ಸವರಿದಳು. "ನಿಮ್ಮಣ್ಣ ಹೊಂಟೋದ್ನಾ?" ಅಂದಳು. ಹೋದ ಅಂದೆ. ಆಮೇಲೆ ಸಹಿ ಹಾಕಿದಳು. ಅಕ್ಷರಗಳು ಗೆರೆ ಬಿಟ್ಟು ಮೇಲೇರಿ ಹೋದವು, ಆದರೂ ಕಚೇರಿಯಲ್ಲಿ ಒಪ್ಪಿಕೊಂಡರು.

ಮಂಜೂರಾದ ದಿನ ನಾನು ರಜೆಯಲ್ಲಿದ್ದೆ, ಸಿಬ್ಬಂದಿ ವಿಭಾಗದವರು ಮನೆಗೇ ಫೋನು ಮಾಡಿದರು. ಒಳ್ಳೆಯ ಮನುಷ್ಯ, ಖುಷಿಯಾಗಿ ಎಲ್ಲವನ್ನೂ ಹೇಳಿದರು. ಇನ್ನು ಅಮ್ಮನವರಿಗೆ ಆಸ್ಪತ್ರೆ ಪೂರ್ತಿ ಬರುತ್ತದೆ, ಔಷಧಿ ಬರುತ್ತದೆ. "ಆಮೇಲೆ ಮೇಡಂ, ವರ್ಷ ಬಿಟ್ಟು ವರ್ಷ ಕನ್ನಡಕಕ್ಕೂ ಕೊಡ್ತೀವಿ, ಜನಕ್ಕೆ ಗೊತ್ತಿರಲ್ಲ, ಮರೀದೆ ಹಾಕಿ" ಅಂದರು. ನಾನು ಥ್ಯಾಂಕ್ಸ್ ಹೇಳಿ ಫೋನು ಇಟ್ಟೆ.

"ಏನಂತೆ?" ಅಂದಳು ಅವ್ವ, ಸದ್ದು ಬಂದ ಕಡೆ ಮುಖ ತಿರುಗಿಸಿ.

"ಆಯ್ತಂತೆ ಕಣವ್ವ. ನಿನ್ನ ಹೆಸರು ಸೇರ್ತಂತೆ."

"ಏನೇನ್ ಕೊಟ್ಟಾರಂತೆ?"

ನನ್ನೊಳಗಿನ ಕಹಿಯೆಲ್ಲ ಒಮ್ಮೆಗೇ ಬಾಯಿಗೆ ಬಂತು. "ಕನ್ನಡಕ ಕೊಡ್ತಾರಂತೆ" ಅಂದೆ.

ಅವ್ವ ನಕ್ಕಳು. ನಿಜವಾಗಿ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು. ಆಮೇಲೆ ಸೀರೆಯ ನೆರಿಗೆ ಸವರಿಕೊಳ್ಳುತ್ತಾ ಹೇಳಿದಳು, "ಮಾಡ್ಸ್ಕೊಡು ಕಣವ್ವ. ನಿಮ್ಮಣ್ಣ ಬಂದಾಗ ಹಾಕ್ಕತೀನಿ. ಏನೋ ಒಸಿ ಕಾಣ್ತದೆ ಅಂದ್ಕತಾನೆ. ಬರೀ ಕಣ್ಣು ನೋಡುದ್ರೆ ನೊಂದ್ಕತಾನೆ, ಪಾಪ."

ಮಾಡಿಸಿಕೊಟ್ಟೆ. ಬಿಲ್ಲು ಒಂದು ರೂಪಾಯಿಯೂ ಕಡಿತವಾಗದೆ ಪಾಸಾಯಿತು.